ಸೈಂಧವದ ಪಥ್ಯ

ಮಾಳಮಡ್ಡಿಯ ಅಂಬಾಬಾಯಿಗೆ ಅಡಿಗೆಮನೆಯಲ್ಲಿ ಸೋತು ಗೊತ್ತಿರಲಿಲ್ಲ. ಹಾಗಾಗಿ ತೊಂಬತ್ತೇಳರ ದೀಪಾವಳಿ ಮುಗಿದ ಮೇಲೆ ಡಾಕ್ಟರು ಅವಳ ಗಂಡ ಏಕನಾಥ ಮಾಸ್ತರರ ತೋಳಿಗೆ ಪಟ್ಟಿ ಸುತ್ತಿ, ಬಿಪಿ ಸ್ವಲ್ಪ ಮೇಲಿದೆ, ಸದ್ಯಕ್ಕೆ ಗುಳಿಗೆ ಬೇಡ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಮೂರು ತಿಂಗಳು ಬಿಟ್ಟು ನೋಡೋಣ ಎಂದಾಗ ಅವಳಿಗೆ ಹೆದರಿಕೆಗಿಂತ ಹುಮ್ಮಸ್ಸೇ ಹೆಚ್ಚು ಬಂತು. ಬಿಪಿ ಗುಳಿಗೆ ಒಮ್ಮೆ ಗಂಟುಬಿದ್ದರೆ ಚಿತೆ ಏರುವ ತನಕ ಬಿಡದು ಎಂಬುದು ಆ ಓಣಿಯ ಎಲ್ಲರ ಬಾಯಲ್ಲಿದ್ದ ಮಾತು. ಮಾಸ್ತರರ ಅಪ್ಪ ಲಕ್ವಾ ಹೊಡೆದು ಹಾಸಿಗೆ ಹಿಡಿದು ಹೋದವರು. ಗಂಡನಿಗೆ ಆ ಗತಿಯೂ ಬಾರದಂತೆ, ಗುಳಿಗೆಯ ಹಂಗೂ ಇಲ್ಲದಂತೆ ನೋಡಿಕೊಳ್ಳುವುದು ತನ್ನ ಒಲೆಯ ಕೆಲಸ ಎಂದು ಅವಳು ಸೆರಗು ಬಿಗಿದಳು.

ಅಂದೇ ಉಪ್ಪಿನ ಭರಣಿ ಅಟ್ಟ ಏರಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೆಲ್ಲ ಪಕ್ಕದ ಮನೆಯ ಗೋದಾಬಾಯಿಯ ಪಾಲಾದವು. ಆದರೆ ಸಪ್ಪೆ ಸಾರು ಬಡಿಸಲು ಅಂಬಾಬಾಯಿಯ ಕೈ ಒಪ್ಪಬೇಕಲ್ಲ! ಅವಳಿಗೊಂದು ದಾರಿ ಗೊತ್ತಿತ್ತು. ಉಪವಾಸದ ದಿನ ಉಪ್ಪು ನಡೆಯುವುದಿಲ್ಲ, ಸೈಂಧವ ನಡೆಯುತ್ತದೆ. ಅತ್ತೆ ಹಾಗೇ ಮಾಡಿದ್ದಳು, ಅತ್ತೆಯ ಅತ್ತೆಯೂ. ದೇವರೇ ಉಪ್ಪೆಂದು ಎಣಿಸದ್ದನ್ನು ಡಾಕ್ಟರು ಹೇಗೆ ಎಣಿಸಿಯಾರು? ಗ್ರಂಥಿಗೆ ಅಂಗಡಿಯಿಂದ ಸೈಂಧವದ ಹರಳು ತಂದು ಕುಟ್ಟಿಟ್ಟಳು. ಪಥ್ಯದ್ದೇ ಅಲ್ಲವೇ ಎಂದು ಕೈಬಿಚ್ಚಿ ಹಾಕಿದಳು. ವ್ರತಕ್ಕೆ ಅದರ ಹೆಸರು ಬೇರೆ ಇದ್ದೀತು, ರಕ್ತಕ್ಕೆ ಅದೂ ಉಪ್ಪೇ. ಆದರೆ ಅವಳು ಯಾರನ್ನೂ ಕೇಳಲಿಲ್ಲ, ಕೇಳದೆ ಯಾರೂ ಹೇಳಲಿಲ್ಲ.

ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಹೆಡ್‌ಮಾಸ್ತರರ ಮಗನಿಗೂ ಅರ್ಧ ಅಂಕ ಹೆಚ್ಚು ಕೊಟ್ಟವರಲ್ಲ. ಹೆಂಡತಿಗೆ ಮಾತು ಕೊಟ್ಟ ಮೇಲೆ ಶಾಲೆಯ ಎದುರಿನ ಗಾಡಿಯ ಗಿರ್ಮಿಟ್ಟು, ಮಿರ್ಚಿಭಜಿ ಎರಡನ್ನೂ ಬಿಟ್ಟರು. ಬೆಳಿಗ್ಗೆದ್ದು ಸ್ಟೇಶನ್ ತನಕ ನಡೆದು ಬರತೊಡಗಿದರು. ಪಥ್ಯದ ಅಡಿಗೆ ಇಷ್ಟು ರುಚಿಯಾಗಿದ್ದೀತೆಂದು ತಿಳಿದಿರಲಿಲ್ಲ ಎಂದು ಹೊಗಳಿದರು ಕೂಡ.

ಮೂರು ತಿಂಗಳ ನಂತರ ಬಿಪಿ ಇಳಿಯುವುದಿರಲಿ, ಮೊದಲಿಗಿಂತ ಮೇಲೆ ಹೋಗಿತ್ತು. ಉಪ್ಪು ಬಿಟ್ಟಿದ್ದೀರಲ್ಲ ಎಂದು ಡಾಕ್ಟರು ಕೇಳಿದಾಗ ಅಂಬಾಬಾಯಿ ಮನೆಯೊಳಗೆ ಒಂದು ಹರಳೂ ಬಂದಿಲ್ಲ ಎಂದಳು. ಅವಳ ಮಟ್ಟಿಗೆ ಅದು ಸತ್ಯವೇ. ಡಾಕ್ಟರು ಮಾಸ್ತರರ ಕಡೆ ತಿರುಗಿ, ಹಾಗಾದರೆ ಹೊರಗೆಲ್ಲೋ ನಡೆದಿರಬೇಕು ಎಂದು ನಕ್ಕು, ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು.

ಆ ನಗು ಅಂಬಾಬಾಯಿಗೆ ಮುಳ್ಳಿನಂತೆ ನೆಟ್ಟಿತು. ತನ್ನ ಒಲೆ ತಪ್ಪಿತೆನ್ನುವುದಕ್ಕಿಂತ ಗಂಡ ತಪ್ಪಿದ ಎನ್ನುವುದು ಸುಲಭವಿತ್ತು. ಅವರ ಅಂಗಿಯ ಜೇಬು ಮೂಸಿದಳು. ಮನಸ್ಸು ತಡೆಯದೆ ಗೋದಾಬಾಯಿಯ ಮುಂದೆ ಹೇಳಿಕೊಂಡಳು. ಗೋದಾಬಾಯಿಗೆ ಹೇಳಿದರೆ ಡಂಗುರ ಸಾರಿದಂತೆಯೇ. ಒಂದು ಸಂಜೆ ಅಂಬಾಬಾಯಿ ಗಂಡನಿಗೆ ಬಡಿಸುತ್ತಲೇ ಕೇಳಿಬಿಟ್ಟಳು.

"ಎಲ್ಲೆ ತಿಂತೀರಿ ಹೇಳ್ರಿ. ಉಪ್ಪು ತಿಂದವ್ರು ನೀರು ಕುಡೀಲೇಬೇಕು."

"ಈ ಮನಿ ಅನ್ನ ಬಿಟ್ಟು ಒಂದು ಅಗಳು ಸೈತ ಬಾಯಾಗ ಹಾಕಿಲ್ಲ," ಎಂದರು ಮಾಸ್ತರರು.

ಮತ್ತೆ ಬಿಪಿ ಹೇಗೆ ಏರಿತು ಎಂದು ಅವಳು ಕೇಳಿದಳು. ಉತ್ತರ ತಪ್ಪಿದ್ದು ಕಾಣುತ್ತಿತ್ತು, ತಪ್ಪು ಯಾವ ಸಾಲಿನಲ್ಲಿದೆ ಎಂಬುದು ಮಾತ್ರ ಆ ಗಣಿತದ ಮಾಸ್ತರರಿಗೆ ಸಿಗಲಿಲ್ಲ. ಗುಳಿಗೆಯ ಪೊಟ್ಟಣವನ್ನು ಒಡೆಯದೆಯೇ ಪಕ್ಕಕ್ಕೆ ಸರಿಸಿದರು.

"ಇದನ್ನ ನುಂಗಿದ್ರ ನಾ ಕದ್ದು ತಿಂದದ್ದು ಖರೇ ಅಂತ ಆಗ್ತದ. ನಿನ್ನ ಕೈ ಅಡಿಗಿನs ಉಂಡು ಇಳಿಸಿ ತೋರಸ್ತೀನಿ."

ಹಟಕ್ಕೆ ಹಟ ಕೂಡಿತು. ನುಂಗಿರಿ ಎಂದು ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಅವರು ಶಾಲೆಯ ಚಹಾವನ್ನೂ ಬಿಟ್ಟು, ಮಧ್ಯಾಹ್ನಕ್ಕೆ ಮನೆಯಿಂದಲೇ ಡಬ್ಬಿ ಒಯ್ಯತೊಡಗಿದರು. ಅದರ ಪಲ್ಯಕ್ಕೂ ಸೈಂಧವವೇ ಬಿತ್ತು.

ಯುಗಾದಿಯ ಮುಂಚೆ ಒಂದು ಬೆಳಿಗ್ಗೆ, ನಡೆಯಲು ಹೊರಟ ಮಾಸ್ತರರು ಹೊಸ್ತಿಲ ಬಳಿಯೇ ಕುಸಿದರು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಲಗೈ, ಬಲಗಾಲು, ನಾಲಗೆ ಮೂರೂ ಬಿದ್ದುಹೋಗಿದ್ದವು. ಜೀವವೊಂದು ಉಳಿಯಿತು. ನಾಲ್ಕಾರು ದಿನ ಕಳೆದು ಮೂಗಿನ ನಳಿಗೆ ತೆಗೆದ ಮೇಲೆ ಅಲ್ಲಿಯ ಡಾಕ್ಟರಬಾಯಿ ಊಟದ ಪಥ್ಯ ಹೇಳುತ್ತಿದ್ದಾಗ ಅಂಬಾಬಾಯಿ, ಗಂಜಿಗೆ ಸೈಂಧವ ನಡೆಯುತ್ತದಲ್ಲ ಎಂದು ಕೇಳಿದಳು.

"ಅದೂ ಉಪ್ಪs ಅಲ್ರೀ ಅಮ್ಮಾ. ಮನ್ಯಾಗ ಅದನ್ನ ಹಾಕ್ತಿದ್ರೇನು?"

ಅಂಬಾಬಾಯಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವಳ ಮುಖ ನೋಡಿದ ಡಾಕ್ಟರಬಾಯಿ, ಉಪ್ಪೊಂದೇ ಕಾರಣವೆನ್ನಲಾಗದು, ಗುಳಿಗೆ ತಪ್ಪದೆ ತೆಗೆದುಕೊಂಡಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲವೇನೋ ಎಂದು ಸಮಾಧಾನ ಹೇಳಿದಳು. ಗುಳಿಗೆ ಯಾಕೆ ತೆಗೆದುಕೊಳ್ಳಲಿಲ್ಲ ಎಂಬುದು ಅಂಬಾಬಾಯಿಗೆ ಗೊತ್ತಿತ್ತು. ಆ ಸಮಾಧಾನ ಅವಳನ್ನು ಇನ್ನಷ್ಟು ಸುಟ್ಟಿತು.

ಸಂಜೆ ಗೋದಾಬಾಯಿ ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ನೋಡಲು ಬಂದಳು. ಮಾಸ್ತರರಿಗೆ ಎಚ್ಚರವಿತ್ತು, ಎಲ್ಲ ಕೇಳಿಸುತ್ತಿತ್ತು. ಗೋದಾಬಾಯಿ ಮಂಚದ ಕಾಲ್ದೆಸೆಯಲ್ಲಿ ನಿಂತು, ಬಾಯಿಚಪಲ ಕೆಟ್ಟದ್ದು, ಹೆಂಡತಿ ಇಷ್ಟು ಪಥ್ಯ ಮಾಡಿದರೂ ಏನು ಬಂತು ಎಂದು ನಿಟ್ಟುಸಿರುಬಿಟ್ಟಳು. ಮಾಸ್ತರರು ಹೆಂಡತಿಯನ್ನೇ ನೋಡುತ್ತಿದ್ದರು. ಅಂಬಾಬಾಯಿ ಎದ್ದು ನಿಂತಳು.

"ಇವರು ಏನೂ ತಿಂದಿಲ್ಲ. ನಾನs ಹಾಕೀನಿ. ಸೈಂಧವನೂ ಉಪ್ಪಂತ, ನನಗ ಗೊತ್ತಿದ್ದಿಲ್ಲ. ಎಲ್ಲಾ ನನ್ನ ಕೈಯಿಂದ ಆಗೇದ."

ಗೋದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಜೊತೆಯವರ ಕಡೆ ತಿರುಗಿದಳು.

"ನೋಡ್ರಿ, ಗಂಡನ ಮರ್ಯಾದಿ ಉಳಸಲಿಕ್ಕೆ ತಪ್ಪೆಲ್ಲಾ ತನ್ನ ತಲಿ ಮ್ಯಾಲ ಹಾಕ್ಕೊಳ್ಳಿಕ್ಕತ್ತಾಳ. ಇಂಥಾ ಹೆಂಡ್ತಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು."

ಹಾಗಲ್ಲ, ಖರೇ ಹೇಳುತ್ತಿದ್ದೇನೆ ಎಂದು ಅಂಬಾಬಾಯಿ ಮತ್ತೆ ಮತ್ತೆ ಹೇಳಿದಳು. ಅವಳು ಹೇಳಿದಷ್ಟೂ ಅವರು ಮರುಗಿ ತಲೆಯಾಡಿಸಿದರು. ಮಂಚದ ಮೇಲೆ ಮಾಸ್ತರರು ಎಡಗೈ ಎತ್ತಿ, ಸೊಟ್ಟ ತುಟಿ ಅಲುಗಿಸಿ ಏನನ್ನೋ ಹೇಳಲು ಒದ್ದಾಡಿದರು. ಬರೀ ಜೊಲ್ಲು ಬಂತು. ಗೋದಾಬಾಯಿ ಮುಂದೆ ಬಂದು ಆ ಕೈಯನ್ನು ಮೆಲ್ಲಗೆ ಇಳಿಸಿ ಹೊದಿಕೆಯೊಳಗಿಟ್ಟಳು.

"ಇರಲಿ ಬಿಡ್ರಿ ಮಾಸ್ತರ್ರ, ಆಗಿದ್ದು ಆಗಿಹೋತು. ನಾವೇನು ಯಾರ ಮುಂದೂ ಹೇಳೂದಿಲ್ಲ," ಎಂದು ಅವರನ್ನು ಕ್ಷಮಿಸಿದಳು.