ಅಕ್ಕನ ಜಾಗ

ಒಂದು ಕಾಲದಲ್ಲಿ, ಹಿಮ ಮುಚ್ಚಿ ಆರು ತಿಂಗಳು ನೆಲವೇ ಕಾಣದ ಸಸ್ಕ್ಯಾಚುವಾನ್ ಬಯಲಿನಲ್ಲಿ, ಐಸ್ ಹಾಕಿ ಆಡುವ ಅಕ್ಕ ತಂಗಿ ಇಬ್ಬರಿದ್ದರು. ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಕೋಲಿನಲ್ಲಿ ಹಿಡಿದ ಎದುರಾಳಿ ತನ್ನ ಗೋಲಿನ ಹಿಂದಿನಿಂದ ಹೊರಬರುವ ಮೊದಲೇ ತಂಗಿ ಟ್ರೀನಾ ಅಡ್ಡಗಟ್ಟುವಳು. ಗಾಬರಿಗೆ ಕೈತಪ್ಪಿದ ಪಕ್ಕನ್ನು ಹಿಂದೆಯೇ ಬಂದ ಅಕ್ಕ ಕೆಂಡ್ರಾ ಬಾಚಿಕೊಳ್ಳುವಳು. ಹೀಗಿರಲು ಅಕ್ಕನಿಗೆ ರಕ್ತದ ಕಾಯಿಲೆ ಬಂತು.

"ಅಮ್ಮಾ, ನಾನಿಲ್ದಿದ್ರೆ ಟ್ರೀನಾ ಆಡ್ವಾಗ ಹಿಂದಕ್ಕೆ ತಿರುಗಿ ತಿರುಗಿ ನೋಡ್ತಾಳೆ. ರಿಂಕಿನ ಮಂಜುಗಡ್ಡೆ ಕರಗೋದ್ರೊಳಗೆ ಅದನ್ನ ಬಿಡಿಸ್ತೀಯಾ?" ಎಂದಳು ಕೆಂಡ್ರಾ ಆಸ್ಪತ್ರೆಯ ಹಾಸಿಗೆಯಲ್ಲಿ.

"ಬಿಡಿಸ್ತೀನಿ ಕಂದಾ," ಎಂದಳು ಮಾರ್ಲಿಸ್. ಅವಳು ಬರೀ ತಾಯಿಯಲ್ಲ, ಊರಿನ ಹುಡುಗಿಯರ ತಂಡದ ಕೋಚ್ ಕೂಡ.

ಕೆಂಡ್ರಾ ಜನವರಿಯಲ್ಲಿ ಹೋದಳು. ಈಗ ಮಾರ್ಚ್ ಮುಗಿಯುತ್ತಿತ್ತು. ರಿಂಕಿನ ಅಂಚಿನಲ್ಲಿ ನೀರು ಮಿನುಗುತ್ತಿತ್ತು.

ಅಭ್ಯಾಸಕ್ಕೆಂದು ಮಾರ್ಲಿಸ್ ಅಡ್ಡಗಟ್ಟುವವರ ಕೋಲನ್ನು ತಲೆಕೆಳಗಾಗಿ ಹಿಡಿಸಿದ್ದಳು. "ಕೋಲು ಮರೀರಿ, ಮೈಯಿಂದ ತಡೀರಿ. ಟ್ರೀನಾ, ನೆಟ್ಟಗೆ ನುಗ್ಬೇಡ. ಬಳಸ್ಕೊಂಡು ಹೋಗಿ ನಡುದಾರಿ ಮುಚ್ಚು, ಎದುರಿನವಳನ್ನ ಗೋಡೆಗೆ ಒತ್ತು. ಪಕ್ ತಗೊಳ್ಳೋಕೆ ಹಿಂದೆ ನಾನಿದ್ದೀನಿ."

ಜನವರಿಯಿಂದ ಅಭ್ಯಾಸದಲ್ಲಿ ಕೆಂಡ್ರಾಳ ಜಾಗಕ್ಕೆ ಮಾರ್ಲಿಸಳೇ ಇಳಿಯುತ್ತಿದ್ದಳು.

ಟ್ರೀನಾ ಬಾಣದಂತೆ ಹೊರಟಳು. ತಿರುವಿನಲ್ಲಿ ಕುತ್ತಿಗೆ ಹಿಂದಕ್ಕೆ ಹೊರಳಿತು. ಎದುರಾಳಿಯಾಗಿ ಪಕ್ ಹಿಡಿದಿದ್ದ ತಂಡದ ಹುಡುಗಿ ರಾಬಿನ್ ಸುಳಿದು ಪಾರಾದಳು.

"ಏನೇ, ಬಸ್ಸಿಗೆ ಕಾಯ್ತಿದ್ದೀಯಾ?" ಎಂದ ರಾಬಿನ್ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಯಾರೂ ನಗಲಿಲ್ಲ.

"ಇನ್ನೊಂದ್ಸಲ," ಎಂದಳು ಮಾರ್ಲಿಸ್.

"ಆಗಲ್ಲಮ್ಮ!" ಟ್ರೀನಾ ಕೋಲು ಬಿಸಾಡಿದಳು. "ಹಿಂದೆ ನೀನು ಬರ್ತಿದ್ರೆ ಅಕ್ಕ ಇಲ್ಲ ಅನ್ನೋದೇ ಬೆನ್ನಟ್ಟಿದ ಹಾಗಿರತ್ತೆ. ಜೊಲೀನ್ ಬೆಂಚಲ್ಲಿ ಕೂತೇ ಇದ್ದಾಳೆ. ಅವಳಿಗೆ ಯಾಕೆ ಕೊಡಲ್ಲ ಆ ಜಾಗ?"

ಮಾರ್ಲಿಸ್ ಬೆಂಚಿನತ್ತ ನೋಡಿದಳು. ಬೇರೆ ಹುಡುಗಿಯೊಬ್ಬಳು ಆ ಜಾಗದಲ್ಲಿ ನಿಂತರೆ ಕೆಂಡ್ರಾ ನಿಜವಾಗಿಯೂ ಹೋದಂತೆ. ಅದಕ್ಕೇ ಆ ಜಾಗವನ್ನು ತಾನೇ ಕಾವಲು ಕಾದಿದ್ದಳು. ಟ್ರೀನಾಳಿಗೆ ಬಿಡಿಸಬೇಕಾದದ್ದನ್ನು ತಾನೇ ಬಿಟ್ಟಿರಲಿಲ್ಲ.

"ಜೊಲೀನ್," ಎಂದಳು ಕೊನೆಗೆ. "ಬಾ ಮರಿ. ಇನ್ಮೇಲೆ ಇದು ನಿನ್ನ ಜಾಗ."

"ನಿಜವಾಗ್ಲೂನಾ ಕೋಚ್?"

"ಬಾ ಅಂದ್ನಲ್ಲ."

ಮಾರ್ಲಿಸ್ ಆಚೆ ಹೋಗಿ ರಿಂಕಿನ ಸುತ್ತಲ ಹಲಗೆಗೋಡೆಗೆ ಒರಗಿ ನಿಂತಳು. ಟ್ರೀನಾ ಕೋಲೆತ್ತಿಕೊಂಡು ಹೊರಟಳು. ಬಳಸಿಕೊಂಡು ಹೋದಳು, ನಡುದಾರಿ ಮುಚ್ಚಿದಳು, ರಾಬಿನಳನ್ನು ಗೋಡೆಗೆ ಒತ್ತಿದಳು. ಪಕ್ ಜಾರಿತು, ಜೊಲೀನ್ ಅಲ್ಲಿದ್ದಳು.

ಟ್ರೀನಾ ತಿರುಗಿ ನೋಡಿರಲಿಲ್ಲ. ಮಾರ್ಲಿಸ್ ಸೀಟಿ ಊದುವುದನ್ನೇ ಮರೆತಿದ್ದಳು.