ಪೈನ್ ತೊಗಟೆಯ ಮೂರನೆಯ ಬಟ್ಟಲು

ನಾನೊಂದು ಬಟ್ಟಲಣಬೆ. ಊಟಿಯ ಪೈನ್ ತೋಪಿನಲ್ಲಿ, ಮುರಿದುಬಿದ್ದ ಕೊಂಬೆಯ ತೊಗಟೆಯ ಮೇಲೆ ಹುಟ್ಟಿದೆ. ಒಳಗೆ ಕಿತ್ತಳೆ ಬಣ್ಣ, ಅಂಚಿಗೆ ಬಿಳಿ ಕೂದಲು, ಗಾತ್ರ ಸಾಸಿವೆಕಾಳಿನಷ್ಟು. ಪಕ್ಕದಲ್ಲಿ ನನ್ನಂಥವೇ ಇನ್ನೆರಡು. ನಮ್ಮನ್ನು ಯಾರು ನೋಡಿಯಾರು ಎಂದು ಹಾಯಾಗಿದ್ದೆವು.

ನೋಡಿದವಳು ಮಂದಾಕಿನಿ, ಧಾರವಾಡದಲ್ಲಿ ಅಣಬೆಗಳ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಮಂಡಿಯೂರಿ, ಮಸೂರ ಹಿಡಿದು, ಬಹಳ ಹೊತ್ತು ನಮ್ಮನ್ನೇ ನೋಡಿದಳು. ಆಮೇಲೆ ತೊಗಟೆ ಸಮೇತ ಎಬ್ಬಿಸಿ ಕಾಗದದ ಪೊಟ್ಟಣದಲ್ಲಿಟ್ಟಳು. ಅಷ್ಟು ಪ್ರೀತಿಯಿಂದ ಯಾರನ್ನೂ ಯಾರೂ ಕೊಂದಿರಲಾರರು.

ಧಾರವಾಡ ತಲುಪುವಷ್ಟರಲ್ಲಿ ಒಣಗಿ ಬಾಯಿ ಮುಚ್ಚಿದ್ದೆವು. ಅವಳು ನಮ್ಮಲ್ಲೊಂದನ್ನು ನೆನೆಸಿ, ಬ್ಲೇಡಿನಿಂದ ಸೀಳಿ, ಅಯೋಡಿನ್ ಹಾಕಿ ಮೈಕ್ರೋಸ್ಕೋಪಿನಲ್ಲಿ ಇಣುಕಿದಳು. ನಮ್ಮೊಳಗೆ ಬೀಜಕಣ ತುಂಬಿದ ಸಣ್ಣ ಚೀಲಗಳಿರುತ್ತವೆ. ಅವುಗಳ ತುದಿ ನೀಲಿಯಾದರೆ ಒಂದು ಜಾತಿ, ಆಗದಿದ್ದರೆ ಇನ್ನೊಂದು.

"ನೀಲಿ ಆಗೇತ್ರಿ ಸರ. ಇದು ಬ್ಯಾರೇನ ಐತ್ರಿ," ಎಂದಳು ತನ್ನ ಗೈಡ್ ಹಂಚಿನಾಳ ಸರ್‌ಗೆ.

ಸರ್ ಇಣುಕಲೂ ಇಲ್ಲ. ಎಲ್ಲೆಡೆ ಸಿಗುವ, ನೀಲಿಯಾಗದ ಮಾಮೂಲಿ ಅಣಬೆಯ ಹೆಸರು ಬರೆದು ಪೊಟ್ಟಣಕ್ಕೆ ಚೀಟಿ ಅಂಟಿಸಿದರು. ಅವಳು ಹಟ ಹಿಡಿದು ಎರಡನೆಯದನ್ನೂ ಸೀಳಿದಳು. ಮತ್ತೆ ನೀಲಿ.

"ಎರಡ ನೋಡಿ ಹೆಸರ ಹೇಳತಿಯೇನವಾ? ಹೋಗಿ ಇನ್ನೊಂದಿಪ್ಪತ್ತ ತಗೊಂಬಾ, ಆಮ್ಯಾಲ ನೋಡೂಣಂತ."

ಹೋದಳು. ಮರಳಲಿಲ್ಲ. ಇಳಿಜಾರಿನಲ್ಲಿ ಉದುರಿದ ಪೈನ್ ಎಲೆಗಳ ಮೇಲೆ ಕಾಲು ಜಾರಿ ಕಣಿವೆಗೆ ಬಿದ್ದಳೆಂದು ಲ್ಯಾಬಿನಲ್ಲಿ ಮಾತಾಡಿಕೊಂಡರು.

ಅಂದಿನಿಂದ ಸರ್ ನನ್ನ ಬೆನ್ನು ಬಿಡಲಿಲ್ಲ. ಪ್ರತಿ ವರ್ಷ ಅವಳು ಹೊರಟ ದಿನ ಪೊಟ್ಟಣ ಬಿಚ್ಚಿ ನನ್ನ ಮೇಲೆ ಒಂದು ಹನಿ ನೀರು ಬಿಡುತ್ತಿದ್ದರು. ಸತ್ತ ನಾನು ಮೆಲ್ಲಗೆ ಬಾಯಿ ತೆರೆಯುತ್ತಿದ್ದೆ. ಅದೇ ಕಿತ್ತಳೆ, ಅದೇ ಬಿಳಿ ಕೂದಲು. ಮೇಲೆ ಅವಳ ಮುಖವಿದ್ದೀತು ಎಂದು ಪ್ರತಿಸಲವೂ ಆಸೆಪಡುತ್ತಿದ್ದೆ. ಇರುತ್ತಿದ್ದುದು ಸರ್ ಮುಖ. ಅವರು ಬ್ಲೇಡು ಎತ್ತುವರು, ಬಾಗಿಲ ಕಡೆ ನೋಡುವರು, ಬ್ಲೇಡು ಕೆಳಗಿಡುವರು. ನೀಲಿ ಬಂದರೆ ಅವಳು ಹೋಗಬೇಕಾಗಿಯೇ ಇರಲಿಲ್ಲ ಎಂದಾಗುತ್ತದೆ. ಆ ಭಯಕ್ಕೆ ಮೂವತ್ತೊಂದು ಸಲ ತೆರೆದು ಮುಚ್ಚಿದೆ. ನನಗಂತೂ ಸಾಕುಸಾಕಾಗಿತ್ತು.

ಈ ವರ್ಷ ಕೋಲೂರಿಕೊಂಡು ಬಂದರು. ಕಣ್ಣಿಗೆ ಪೊರೆ ಬಂದಿದೆ, ಇನ್ನು ತಡಮಾಡಿದರೆ ನೋಡಲಾಗುವುದಿಲ್ಲ. ಎತ್ತಿದ ಬ್ಲೇಡು ಕೆಳಗಿಡದೆ ನನ್ನನ್ನು ಸೀಳಿದರು. ನೋವೇನೂ ಆಗಲಿಲ್ಲ. ಅಯೋಡಿನ್ ಹಾಕಿ ಬಗ್ಗಿದವರು ತಲೆ ಎತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು.

ನೀಲಿಯೇ.

ಹೊಸ ಚೀಟಿ ಬರೆದರು. ಹಳೆಯದನ್ನು ಕೀಳುವ ಪದ್ಧತಿ ಒಣಗಿದ ಮಾದರಿಗಳನ್ನಿಡುವ ಈ ಕಪಾಟಿನಲ್ಲಿಲ್ಲ, ತಪ್ಪೂ ಪಕ್ಕದಲ್ಲೇ ಇರಬೇಕು. 'ಗುರುತಿಸಿದವರು' ಎಂಬಲ್ಲಿ ಮಂದಾಕಿನಿಯ ಹೆಸರು ಬರೆದರು. ನಾನೀಗ ಅರ್ಧ ಬಟ್ಟಲು, ಇನ್ನು ನನ್ನನ್ನು ಯಾರೂ ಎಬ್ಬಿಸಬೇಕಾಗಿಲ್ಲ.

ಪೊಟ್ಟಣ ಮಡಚುವ ಮೊದಲು ಸರ್ ಖಾಲಿ ಬಾಗಿಲ ಕಡೆ ತಿರುಗಿದರು.

"ಇದೊಂದ ಸಾಕವಾ," ಎಂದರು. "ಹೋಗಬ್ಯಾಡ."