ಗುಳಿಗೆ ತರಲು ಹೊರಟವಳು

ಶಿರಗುಪ್ಪಿಯ ಕಬ್ಬಿನ ಹೊಲಗಳಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ. ಒಬ್ಬರೇ ಉಳಿದರೆ ಕೆಲಸವಿಲ್ಲ. ಜತ್ತದಿಂದ ಗಂಡನೊಂದಿಗೆ ಕಬ್ಬು ಕಡಿಯಲು ಬಂದ ಸುಗಲವ್ವನ ಎಚ್‌ಐವಿ ಗುಳಿಗೆ ತೀರಿತ್ತು. ಆಸ್ಪತ್ರೆಗೆಂದು ಬಸ್ಸು ಕಾಯುತ್ತಿದ್ದವಳನ್ನು ಕೂಲಿ ಗ್ಯಾಂಗಿನ ಮೇಸ್ತ್ರಿ, ಮುಕಾದಮ ಬಾಳೂ ಜಡೆ ಹಿಡಿದು ಎಳೆದ.

"ಎಲ್ಲಿಗಿ ಬೇ? ಟ್ರ್ಯಾಕ್ಟರ್ ನಿಮ್ಮಪ್ಪ ತುಂಬ್ತಾನೇನು?"

"ಜ್ವರ ಬಂದಾವ್ರಿ. ಸಂಜಿಕ ಬರ್ತೀನ್ರಿ."

"ತಿಂಗಳಾ ತಿಂಗಳಾ ಜ್ವರಾ? ಪಂಚಾಂಗ ನೋಡಿ ಬರ್ತಾವೇನು?"

ಗುದ್ದಿದ ಏಟಿಗೆ ಅವಳ ತುಟಿ ಸೀಳಿ, ರಕ್ತ ಅವನ ಮುಷ್ಟಿಗೂ ಹತ್ತಿತು. ಬಿಡಿಸಲು ಓಡಿಬಂದ ಗಂಡ ಮಾರುತಿಯ ಮೊಣಕಾಲಿಗೆ ಬಡಿಗೆ ಬಿತ್ತು. ರೋಗದ ಹೆಸರೆತ್ತಿದರೆ ಗುಡಿಸಲಿನಿಂದ ಹೊರಹಾಕುತ್ತಾರೆಂದು ಅವಳು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು. ಬಡಿಗೆ ಗಂಡನ ತಲೆಯ ಮೇಲೆ ಎದ್ದಾಗ ತಡೆಯಲಾಗಲಿಲ್ಲ.

"ನನಗ ಎಚ್‌ಐವಿ ಐತೋ! ಗುಳಿಗಿ ತರಾಕ ಹೊಂಟೀನಿ!"

ಬಾಳೂ ಬಡಿಗೆ ಬಿಸಾಡಿ, ಮುಷ್ಟಿಯನ್ನು ಮಣ್ಣಿಗೆ ಚರ್ಮ ಕಿತ್ತುಬರುವಂತೆ ತಿಕ್ಕತೊಡಗಿದ. ಸುತ್ತ ನಿಂತವರು ಹಿಂದೆ ಸರಿದರು. ಬಸ್ಸು ಬಂತು, ಯಾರೂ ತಡೆಯಲಿಲ್ಲ.

ಗಂಡನನ್ನು ಹೆಗಲಿಗೆ ಆನಿಸಿಕೊಂಡು ಹತ್ತಿ ಕೂತಾಗ ಕಿಟಕಿಯಾಚೆ, ಗ್ಯಾಂಗಿನವರು ಬೆಂಕಿ ಹಚ್ಚಿದ ಅವರ ಗುಡಿಸಲು ಧಗಧಗ ಉರಿಯುತ್ತಿತ್ತು. ಮಾರುತಿ ಅದನ್ನೇ ನೋಡುತ್ತ ಹಲ್ಲು ಕಚ್ಚಿದ. ಸುಗಲವ್ವ ಸೆರಗಿನಿಂದ ಬಾಯಿಯ ರಕ್ತ ಒರೆಸಿಕೊಂಡಳು.

"ದವಾಖಾನಿಗಿ ಎರಡ ಟಿಕೇಟ ಕೊಡ್ರಿ, ಯಣ್ಣಾ."